ಸೆಮಿನರಿ ಮೇಷ್ಟ್ರುಗಳ ಅಡ್ಡದಾರಿ

1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಒಂದು ಕನ್ನಡ ವ್ಯಾಕರಣ ಅಚ್ಚಾಯಿತು. ಬರೆದವರು ವಿಲಿಯಂ ಕೇರಿ ಎಂಬ ಮಿಷನರಿ. ಕನ್ನಡ ನಾಡಿಗೆ ಒಮ್ಮೆಯೂ ಕಾಲಿಟ್ಟವರಲ್ಲ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹುಡುಗರಿಗೆ ಬಂಗಾಳಿ, ಸಂಸ್ಕೃತ, ಮರಾಠಿ ಹೇಳಿಕೊಡುತ್ತಿದ್ದರು. ಬೇರೆ ಬೇರೆ ಸೀಮೆಯ ಪಂಡಿತರನ್ನು ಜೊತೆಗೆ ಕೂರಿಸಿಕೊಂಡು ಒಂದೊಂದೇ ಭಾಷೆಯ ಬೆನ್ನು ಹತ್ತಿದರು. ಕನ್ನಡದ ಸರದಿಯೂ ಹಾಗೇ ಬಂತು. 1812ರ ಮಾರ್ಚಿನಲ್ಲಿ ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಇತ್ತು. ಐದು ವರ್ಷ ಬಿಟ್ಟು ವ್ಯಾಕರಣ ಹೊರಬಂತು. ಪುಣ್ಯಾತ್ಮ ಬಿಡಲಿಲ್ಲ.

ಈ ಕೇರಿ ಮೂಲತಃ ಶೂ ಹೊಲಿಯುವವರು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕಡೆಯವರು. ಹುಡುಗರಾಗಿದ್ದಾಗಲೇ ಆ ಕಸುಬಿಗೆ ಸೇರಿದರು. ಕಾಲೇಜಿನ ಮುಖ ನೋಡಲಿಲ್ಲ. ಗ್ರೀಕ್, ಹೀಬ್ರೂ, ಲ್ಯಾಟಿನ್ ಎಲ್ಲ ಬಹುಪಾಲು ತಾವಾಗಿಯೇ ಕಲಿತದ್ದು. ಇಂಗ್ಲೆಂಡಿನ ದೊಡ್ಡ ಮನುಷ್ಯರಿಗೆ ಇದು ನಗೆಪಾಟಲಿನ ವಿಷಯವಾಗಿತ್ತು. ಸಿಡ್ನಿ ಸ್ಮಿತ್ ಎಂಬ ಪಾದ್ರಿ, ಅವರೂ ಬರಹಗಾರರೇ, ಒಂದು ಪತ್ರಿಕೆಯಲ್ಲಿ ಇವರನ್ನೆಲ್ಲ ದೀಕ್ಷೆ ಪಡೆದ ಮೋಚಿಗಳು ಅಂತ ಆಡಿಕೊಂಡರು. ಗವರ್ನರ್ ಜನರಲ್ ಮನೆಯ ಊಟಕ್ಕೆ ಹೋದಾಗ ಒಬ್ಬ ಅಧಿಕಾರಿ, ಈ ಕೇರಿ ಹಿಂದೆ ಶೂ ತಯಾರಿಸುತ್ತಿದ್ದರಂತೆ ಹೌದಾ ಅಂತ ಪಕ್ಕದವರನ್ನು ಕೇಳಿದರಂತೆ. ಕೇರಿಗೆ ಕೇಳಿಸಿತು. ಇಲ್ಲ ಸ್ವಾಮಿ, ತಯಾರಿಸುತ್ತಿರಲಿಲ್ಲ, ಹರಿದದ್ದನ್ನು ಹೊಲಿಯುತ್ತಿದ್ದೆ ಅಷ್ಟೇ ಅಂದರಂತೆ. ಈ ಕತೆ ಎಷ್ಟು ಬಾಯಿ ದಾಟಿ ಬಂದಿದೆಯೋ, ಆದರೂ ಕೇರಿಯ ಸ್ವಭಾವಕ್ಕೆ ಚೆನ್ನಾಗಿ ಹೊಂದುತ್ತದೆ.

ವ್ಯಾಕರಣ ಬಂದ ಮರುವರ್ಷ, 1818ರಲ್ಲಿ, ಕೇರಿ ಮತ್ತು ಅವರ ಜೊತೆಗಾರರಾದ ಮಾರ್ಷ್‌ಮನ್, ವಾರ್ಡ್ ಸೇರಿ ಶ್ರೀರಾಮಪುರದ ಕಾಲೇಜು ಶುರು ಮಾಡಿದರು. ಆಗ ಆ ಊರು ಡೆನ್ಮಾರ್ಕಿನವರ ಕೈಯಲ್ಲಿತ್ತು. ಕಂಪನಿ ಸರ್ಕಾರಕ್ಕೆ ಮಿಷನರಿಗಳೆಂದರೆ ಆಗುತ್ತಿರಲಿಲ್ಲ, ಡೇನರು ಜಾಗ ಕೊಟ್ಟರು. 1827ರಲ್ಲಿ ಡೆನ್ಮಾರ್ಕಿನ ದೊರೆ ಆರನೇ ಫ್ರೆಡರಿಕ್ ಪದವಿ ಕೊಡುವ ಅಧಿಕಾರದ ಸನ್ನದನ್ನೂ ಬರೆದುಕೊಟ್ಟರು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಪ್ರೊಟೆಸ್ಟಂಟ್ ಸೆಮಿನರಿಯಲ್ಲಿ ಓದಿದವರು ತಮ್ಮ ಪದವಿಯ ಜೊತೆ 'ಸೆರಾಂಪೂರ್' (ಶ್ರೀರಾಮಪುರಕ್ಕೆ ಇಂಗ್ಲಿಷಿನವರ ಹೆಸರು) ಅಂತ ಹೇಳಿಕೊಳ್ಳುವುದು ಈ ಸನ್ನದಿನ ಬಲದಿಂದಲೇ. ಆ ಕಾಲೇಜಿನ ಮೊದಲ ಮೇಷ್ಟ್ರುಗಳಲ್ಲಿ ಜಾನ್ ಮ್ಯಾಕ್ ಎಂಬ ಸ್ಕಾಟ್ಲೆಂಡಿನವರು ಒಬ್ಬರು. ಪಾಠ ಮಾಡಿದ್ದು ರಸಾಯನಶಾಸ್ತ್ರ. 1834ರಲ್ಲಿ ಆ ವಿಷಯದ ಮೇಲೆ ಬಂಗಾಳಿಯಲ್ಲೇ ಒಂದು ಪುಸ್ತಕ ತಂದರು.

ಸೆಮಿನರಿ ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಜಾಗ, ಅಲ್ಲಿ ಬೈಬಲ್ ಓದಿಸುತ್ತಾರೆ, ಪ್ರಸಂಗ ಮಾಡುವುದು ಹೇಗೆ ಅಂತ ಕಲಿಸುತ್ತಾರೆ, ಮುಗಿಯಿತು. ಹೊರಗಿನವರಾದ ನಮ್ಮಲ್ಲಿ ಹೆಚ್ಚಿನವರು ಇಷ್ಟೇ ಅಂದುಕೊಂಡಿರುತ್ತೇವೆ. ನಾನೂ ಆ ಕಾಂಪೌಂಡಿನ ಹೊರಗಿನವನೇ. ಆದರೆ ಹಳೆಯ ಕನ್ನಡ ಪುಸ್ತಕಗಳ ಹುಚ್ಚು ಇರುವವರಿಗೆ ಒಂದು ಅನುಭವ ತಪ್ಪದೆ ಆಗುತ್ತದೆ. ಮೊದಲ ಪತ್ರಿಕೆ ಯಾವುದು, ದಾಸರ ಪದ ಮೊದಲು ಅಚ್ಚಾದದ್ದು ಎಲ್ಲಿ, ಸರ್ವಜ್ಞನ ವಚನಗಳನ್ನು ಕಲೆಹಾಕಿದವರು ಯಾರು ಅಂತ ಹುಡುಕುತ್ತಾ ಹೋದರೆ ಕೊನೆಗೆ ಯಾವುದಾದರೂ ಸೆಮಿನರಿಯ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಹಾಗೆ ನಿಂತು ನಿಂತು ಆ ಮೇಷ್ಟ್ರುಗಳ ಮೇಲೇ ಕುತೂಹಲ ಹುಟ್ಟಿತು. ಯಾವ ಊರಿನವರು, ಯಾರ ಮಕ್ಕಳು, ಏನನ್ನು ಕಲಿಸಲು ಬಂದವರು, ಕೊನೆಗೆ ಯಾವುದರ ಹಿಂದೆ ಬಿದ್ದರು? ನನಗೆ ಕಂಡ ಮಟ್ಟಿಗೆ, ಅವರಲ್ಲಿ ನೆನಪಿಡಬೇಕಾದವರೆಲ್ಲ ಸಂಬಳ ಕೊಟ್ಟು ಒಪ್ಪಿಸಿದ ಪಾಠವನ್ನು ಮುಗಿಸಿ ಬೇರೊಂದು ಅಡ್ಡದಾರಿ ಹಿಡಿದವರು. ಆ ದಾರಿ ಎಲ್ಲಿ ಶುರುವಾಯಿತು ಅಂತ ನೋಡಿದರೆ ಸಾಮಾನ್ಯವಾಗಿ ಅವರು ಹುಟ್ಟಿ ಬೆಳೆದ ಮನೆಯ ಅಂಗಳದಲ್ಲೇ.

ಮಂಗಳೂರಿನ ಬಲ್ಮಠದಿಂದ ಶುರು ಮಾಡೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಸೆಮಿನರಿ 1840ರ ದಶಕದಲ್ಲಿ ಇಲ್ಲಿ ಬೇರು ಬಿಟ್ಟಿತು. ಅದನ್ನು ಕಟ್ಟಿದವರು ಹರ್ಮನ್ ಮೊಗ್ಲಿಂಗ್. ಬಾಸೆಲ್ ಮಿಷನ್ ಕಳುಹಿಸುತ್ತಿದ್ದ ಹೆಚ್ಚಿನ ಹುಡುಗರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಮೊಗ್ಲಿಂಗ್ ಊರೂ ಅದೇ ಸೀಮೆ, ಆದರೆ ಇವರು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಸುಖವಾಗಿ ಊರಲ್ಲೇ ಪಾದ್ರಿಯಾಗಿ ಇರಬಹುದಿತ್ತು. 1836ರಲ್ಲಿ ಮಂಗಳೂರಿಗೆ ಬಂದಿಳಿದರು. ಗಂಭೀರ ದೇವಶಾಸ್ತ್ರ ಓದಿ ಬಂದವರು ಇಲ್ಲಿ ಮಾಡಿದ್ದೇನು ನೋಡಿ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು. ಇವತ್ತಿಗೂ ನಮ್ಮ ಪತ್ರಕರ್ತರು ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುವುದು ಇದರಿಂದಲೇ. ಕಲ್ಲಚ್ಚು ಅಂದರೆ ಅಕ್ಷರದ ಮೊಳೆ ಜೋಡಿಸುವ ಕೆಲಸವಿಲ್ಲ. ಕೈಯಲ್ಲಿ ಬರೆದದ್ದನ್ನೇ ಕಲ್ಲಿನ ಮೇಲೆ ಇಳಿಸಿ ಒತ್ತುವುದು. ಹಾಗಾಗಿ ಆ ಪುಟ ನೋಡಿದರೆ ಅಚ್ಚಿನ ಪುಟ ಅನಿಸುವುದಿಲ್ಲ, ಯಾರೋ ಕೂತು ನೀಟಾಗಿ ಬರೆದ ಕಾಗದದ ಹಾಗಿರುತ್ತದೆ. ಊರ ಸುದ್ದಿ, ಸರ್ಕಾರದ ಅಪ್ಪಣೆಗಳು, ಹೊರನಾಡಿನ ವರ್ತಮಾನ, ಗಾದೆ, ಕತೆ ಎಲ್ಲ ಅದರಲ್ಲಿ ಬಂತು.

ಆಮೇಲೆ 'ಬಿಬ್ಲಿಯೋಥಿಕಾ ಕರ್ನಾಟಿಕಾ'. ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ದುಡ್ಡು ಕೊಟ್ಟರು, ಮೊಗ್ಲಿಂಗ್ ಹಳೆಯ ಕಾವ್ಯಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು. ಕ್ರೈಸ್ತ ಸೆಮಿನರಿ ಕಟ್ಟಿದವರು ಪುರಂದರದಾಸರ ಪದ ಅಚ್ಚು ಹಾಕಿಸುತ್ತಾರೆ ಅಂದರೆ ತಮಾಷೆ ಅನಿಸಬಹುದು. ಇದನ್ನೆಲ್ಲ ಕನ್ನಡದ ಮೇಲಿನ ಬರೀ ಪ್ರೀತಿ ಅಂತ ಹೊಗಳಿಬಿಡುವುದು ಸುಲಭ, ನಾನು ಹಾಗೆ ಹೇಳುವುದಿಲ್ಲ. ಇಲ್ಲಿಯ ಜನರನ್ನು ಮತಾಂತರ ಮಾಡಲೆಂದೇ ಬಂದವರು ಅವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಜನ ಏನು ಹಾಡುತ್ತಾರೆ ಅಂತ ತಿಳಿಯದೆ ಅವರ ಜೊತೆ ಮಾತಾಡುವುದು ಹೇಗೆ ಅನ್ನುವುದು ಅವರ ಲೆಕ್ಕ. ಆದರೆ ಲೆಕ್ಕ ಹಾಕಿ ಹಿಡಿದ ಪುಸ್ತಕ ಮನುಷ್ಯನನ್ನು ಹಿಡಿದುಕೊಂಡುಬಿಡುತ್ತದೆ. 1858ರಲ್ಲಿ ಟ್ಯೂಬಿಂಗನ್ ಮೊಗ್ಲಿಂಗ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದಕ್ಕೆ ಕಾರಣವಾದದ್ದು ಈ ಕನ್ನಡದ ಕೆಲಸ.

ಅವರ ಶಿಷ್ಯರೂ ದತ್ತುಮಗನೂ ಆದ ಆನಂದರಾವ್ ಕೌಂಡಿನ್ಯರ ಕತೆ ನನಗೆ ಮೊಗ್ಲಿಂಗ್ ಕತೆಗಿಂತ ಜಾಸ್ತಿ ಕಾಡುತ್ತದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಊರಲ್ಲಿ ದೊಡ್ಡ ಗಲಾಟೆ ಎದ್ದಿತು. ಬಾಸೆಲಿಗೆ ಹೋಗಿ ವರ್ಷಗಟ್ಟಲೆ ಓದಿ 1851ರಲ್ಲಿ ಪಾದ್ರಿಯಾಗಿ ಬಂದರು. ಅದೇ ಮಂಗಳೂರಿನಲ್ಲಿ ಸೆಮಿನರಿ ಮೇಷ್ಟ್ರಾದರು. ಮನೆಮಾತು ಕೊಂಕಣಿ, ಬೀದಿಯಲ್ಲಿ ತುಳು, ಪಾಠಕ್ಕೆ ಕನ್ನಡ, ಮಿಷನ್ನಿನ ಸಭೆಗೆ ಜರ್ಮನ್. ಕೊಡಗಿನ ಕಾಫಿ ಸೀಮೆಯಲ್ಲಿ ಹೊಲೆಯ ಸಮುದಾಯದಿಂದ ಬಂದ ಕ್ರೈಸ್ತರಿಗಾಗಿ ಕಟ್ಟಿದ ಆನಂದಪುರಕ್ಕೆ ಇವರದೇ ಹೆಸರು. ಬ್ರಾಹ್ಮಣ ಓಣಿಯಿಂದ ಹೊರಬಿದ್ದು, ಹೊಲೆಯರ ಹೊಸ ಊರಿಗೆ ಹೆಸರಾಗಿ, ಜರ್ಮನ್ನರ ಸಭೆಯಲ್ಲಿ ಕೂತ ಈ ಮನುಷ್ಯ ತರಗತಿಯಲ್ಲಿ ಏನೇನು ಮಾತಾಡಿದರು ಅಂತ ಒಂದು ದಿನ ಹಿಂದಿನ ಬೆಂಚಲ್ಲಿ ಕೂತು ಕೇಳಬೇಕಿತ್ತು.

ಕಿಟೆಲ್ ಹೆಸರು ಬಾರದೆ ಈ ಮಾತು ಮುಗಿಯುವುದಿಲ್ಲ. ಆದರೆ ಅವರ ಬಗ್ಗೆ ಎಲ್ಲರಿಗೂ ಗೊತ್ತು. ನಿಘಂಟು 1894ರಲ್ಲಿ ಬಂತು, ಬೆಂಗಳೂರಿನಲ್ಲಿ ಪ್ರತಿಮೆ ನಿಂತಿದೆ. ಗೊತ್ತಿಲ್ಲದ ಒಂದೆರಡು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಅವರು ವ್ಯೂರ್ಟೆಂಬರ್ಗಿನವರಲ್ಲ, ಜರ್ಮನಿಯ ಉತ್ತರದ ಕರಾವಳಿ ಸೀಮೆಯಾದ ಪೂರ್ವ ಫ್ರೀಸಿಯದ ಪಾದ್ರಿಯ ಮಗ. ಜೊತೆಯ ಮಿಷನರಿಗಳಿಗೂ ಒಂಥರಾ ಹೊರಗಿನವರೇ. ನಿಘಂಟಿಗೆ ಬಹಳ ಮೊದಲೇ, 1862ರಲ್ಲಿ, ಯೇಸುವಿನ ಕತೆಯನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ' ಅಂತ ಬರೆದರು. ವೇದದ ಯಜ್ಞಗಳ ಮೇಲೂ ಒಂದು ಪುಸ್ತಕ ಬರೆದಿದ್ದಾರೆ. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದರು. ಸುವಾರ್ತೆ ಸಾರಲು ಬಂದವರಿಗೆ ಛಂದಸ್ಸಿನ ಗಣಗಳ ಉಸಾಬರಿ ಯಾಕೆ ಅಂತ ಬಾಸೆಲ್ಲಿನ ದೊಡ್ಡವರಿಗೆ ಅನಿಸಿದ್ದರೆ ಅವರನ್ನು ತಪ್ಪು ಅನ್ನುವಂತಿಲ್ಲ.

ಮೇಷ್ಟ್ರ ಅಡ್ಡದಾರಿ ಶಿಷ್ಯರಿಗೆ ಹೆದ್ದಾರಿಯಾದದ್ದೂ ಉಂಟು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿ ಇದೇ ಮಂಗಳೂರು ಸೆಮಿನರಿಯ ವಿದ್ಯಾರ್ಥಿ. ಓದು ಮುಗಿಸಿ ಪಾದ್ರಿಯಾದರು. ಸಭೆಯ, ಅಂದರೆ ಚರ್ಚಿನ, ಕೆಲಸದ ಮಧ್ಯೆ ಹಳ್ಳಿ ಹಳ್ಳಿ ತಿರುಗಿ ಓಲೆಗರಿ, ಕಡತ, ಜನರ ಬಾಯಿ ಎಲ್ಲಿ ಸಿಕ್ಕರೆ ಅಲ್ಲಿ ಸರ್ವಜ್ಞನ ವಚನಗಳನ್ನು ಕಲೆಹಾಕಿದರು. 1924ರಲ್ಲಿ ಆ ಸಂಗ್ರಹ ಅಚ್ಚಾಯಿತು. ಬಸವಣ್ಣ, ಅನುಭವ ಮಂಟಪ ಅಂತ ಮುಂದೆಯೂ ಬರೆಯುತ್ತಲೇ ಹೋದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಜನ ಅವರನ್ನು 'ತಿರುಳ್ಗನ್ನಡದ ತಿರುಕ' ಅಂತ ಕರೆದರು. ರೆವರೆಂಡ್ ಅನ್ನುವುದಕ್ಕಿಂತ ಅದೇ ಹೆಸರು ನಿಂತಿತು.

ಈಗ ಬೆಂಗಳೂರಿಗೆ ಬರೋಣ. ಬೆನ್ಸನ್ ಟೌನ್ ಪಕ್ಕ ಮಿಲ್ಲರ್ಸ್ ರಸ್ತೆಯಲ್ಲಿ ಹೋಗುವಾಗ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ಗೇಟು ಸಿಗುತ್ತದೆ. ಯುಟಿಸಿ ಅಂದರೆ ಅಲ್ಲಿಯವರಿಗೆಲ್ಲ ಗೊತ್ತು. 1910ರಲ್ಲಿ ಹಲವು ಮಿಷನ್ನುಗಳು ಸೇರಿ ಕಟ್ಟಿದ್ದು. ಆರಂಭದ ವರ್ಷಗಳಲ್ಲಿ ಪ್ರಾಂಶುಪಾಲರಾಗಿದ್ದ ಎಲ್. ಪಿ. ಲಾರ್ಸನ್ ಡೆನ್ಮಾರ್ಕಿನವರು, ತಮಿಳು ಪಂಡಿತರು. ಆಮೇಲೆ ತಮಿಳು ಬೈಬಲನ್ನು ತಿದ್ದುವ ಕೆಲಸಕ್ಕೇ ಕೂತರು.

ಅಲ್ಲಿ 1930ರ ದಶಕದಲ್ಲಿ ತತ್ವಶಾಸ್ತ್ರ ಮತ್ತು ಧರ್ಮಗಳ ಚರಿತ್ರೆ ಕಲಿಸಲು ಬಂದವರು ಮದರಾಸಿನ ಪಿ. ಡಿ. ದೇವಾನಂದನ್. ರಾಷ್ಟ್ರೀಯ ಚಳವಳಿಯ ಕಾಲದ ಕ್ರೈಸ್ತ ನಾಯಕ ಕೆ. ಟಿ. ಪಾಲ್ ಅವರ ಜೊತೆ ಅಮೆರಿಕಕ್ಕೆ ಹೋದ ಹುಡುಗ, ಅಲ್ಲೇ ಉಳಿದು ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದರು. ವಿಷಯ ಮಾಯೆ. ಶಂಕರರ ಮಾಯೆ. ಅಮೆರಿಕದ ಚಳಿಯಲ್ಲಿ ಕೂತು ಒಬ್ಬ ಮದರಾಸಿ ಕ್ರೈಸ್ತ ಅದ್ವೈತದ ಮಾಯೆಯನ್ನು ಕೆದಕಿದರು. ಅವರನ್ನು ಕೊರೆಯುತ್ತಿದ್ದ ಪ್ರಶ್ನೆ ಇದು. ಜಗತ್ತು ನಿಜವಲ್ಲ ಅಂದರೆ ಚರಿತ್ರೆ, ಸಮಾಜ, ಸ್ವಾತಂತ್ರ್ಯ ಇವಕ್ಕೆಲ್ಲ ಏನು ಬೆಲೆ? ದೇಶ ಕಟ್ಟುವ ಹೊತ್ತಿನಲ್ಲಿ ಈ ಪ್ರಶ್ನೆ ಬರೀ ಗ್ರಂಥದ ಪ್ರಶ್ನೆಯಾಗಿ ಉಳಿಯಲಿಲ್ಲ. ಮುಂದೆ ಅವರು ಬೆಂಗಳೂರಿನಲ್ಲೇ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದು ಒಂದು ಸಂಸ್ಥೆಯನ್ನು ನಡೆಸಿದರು. ಅವರ ಕೈಕೆಳಗೆ ಪಳಗಿ, ಅವರ ನಂತರ ಅದೇ ಕುರ್ಚಿಗೆ ಬಂದವರು ಕೇರಳದ ಎಂ. ಎಂ. ಥಾಮಸ್. ಅವರು ಓದಿದ್ದು ರಸಾಯನಶಾಸ್ತ್ರ. ಸೆಮಿನರಿಯಲ್ಲಿ ಓದಿದವರಲ್ಲ, ಆದರೂ ಸೆಮಿನರಿಗಳಲ್ಲಿ ಅವರನ್ನು ಓದದವರಿಲ್ಲ. ಯುವಕರಾಗಿದ್ದಾಗ ಪಾದ್ರಿಯಾಗಲು ತಮ್ಮ ಸಭೆಗೆ ಅರ್ಜಿ ಹಾಕಿದರು, ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವಕ್ಕೂ ಹಾಕಿದರು. ಇವರು ಕಮ್ಯುನಿಸ್ಟ್ ಅಂತ ಸಭೆ ಬೇಡ ಅಂದಿತು. ಇವರು ಕ್ರೈಸ್ತರು ಅಂತ ಪಕ್ಷ ಬೇಡ ಅಂದಿತು. 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದರು!

ಯುಟಿಸಿಯ ಮೊದಲ ಭಾರತೀಯ ಪ್ರಾಂಶುಪಾಲರು ರಸೆಲ್ ಚಂದ್ರನ್. 1954ರಿಂದ 1983ರವರೆಗೆ, ಮೂರು ದಶಕದ ಹತ್ತಿರ ಅದೇ ಕುರ್ಚಿ. ಅವರು 1949ರಲ್ಲಿ ಆಕ್ಸ್‌ಫರ್ಡಿಗೆ ಕೊಟ್ಟ ಪ್ರಬಂಧದ ವಿಷಯ ಕೇಳಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಎರಡನೇ ಶತಮಾನದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಪಂಡಿತ ಕ್ರೈಸ್ತರನ್ನು ತರಾಟೆಗೆ ತೆಗೆದುಕೊಂಡು ಒಂದು ಪುಸ್ತಕ ಬರೆದ. ಅಲೆಕ್ಸಾಂಡ್ರಿಯದ ಓರಿಜೆನ್ ಮೂರನೇ ಶತಮಾನದಲ್ಲಿ ಅದಕ್ಕೆ ಮಾತಿಗೆ ಮಾತು ಉತ್ತರ ಕೊಟ್ಟರು. ಚಂದ್ರನ್ ಮಾಡಿದ್ದು, ಆ ಸೆಲ್ಸಸ್‌ನ ಟೀಕೆಯನ್ನು ಸ್ವಾಮಿ ವಿವೇಕಾನಂದರ ಮಾತುಗಳ ಪಕ್ಕ ಇಟ್ಟು ನೋಡಿದ್ದು. ಓರಿಜೆನ್ ಅಂದು ಕೊಟ್ಟ ಉತ್ತರ ಇಂದು ವಿವೇಕಾನಂದರ ಪ್ರಶ್ನೆಗೆ ಸಾಕಾಗುತ್ತದಾ? ಎಲ್ಲಾ ದಾರಿಯೂ ಒಂದೇ ಕಡೆ ಸೇರುತ್ತದೆ ಅನ್ನುವವರ ಎದುರು ಕ್ರೈಸ್ತರು ಏನು ಹೇಳಬೇಕು? ಇಂಥ ಪ್ರಶ್ನೆ ಆಕ್ಸ್‌ಫರ್ಡಿನಲ್ಲಿ ಹುಟ್ಟಿ ಬೆಳೆದವರಿಗೆ ಹೊಳೆಯುವುದು ಕಷ್ಟ. ವಿವೇಕಾನಂದರ ಫೋಟೋ ಗೋಡೆ ಗೋಡೆಯಲ್ಲಿ ನೋಡಿ ಬೆಳೆದವರಿಗೇ ಅದು ಪ್ರಶ್ನೆ.

ಸೆಲ್ಸಸ್‌ನ ಟೀಕೆಯಲ್ಲಿ ಇನ್ನೊಂದು ಮಾತಿದೆ. ಈ ಕ್ರೈಸ್ತರ ಮೇಷ್ಟ್ರುಗಳೆಲ್ಲ ಯಾರು ಅಂದರೆ ಉಣ್ಣೆ ನೇಯುವವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು ಅಂತ ಅವನು ಮೂಗು ಮುರಿಯುತ್ತಾನೆ. ಸಾವಿರದ ಆರುನೂರು ವರ್ಷ ಕಳೆದ ಮೇಲೆ ಸಿಡ್ನಿ ಸ್ಮಿತ್ ಕೇರಿಯ ಬಗ್ಗೆ ಅದನ್ನೇ ಅಂದರು. ಸೆಲ್ಸಸ್ ಕ್ರೈಸ್ತರ ಶತ್ರು, ಸ್ಮಿತ್ ಸ್ವತಃ ಪಾದ್ರಿ. ಕಸುಬಿನ ವಿಷಯ ಬಂದಾಗ ಇಬ್ಬರೂ ಒಂದೇ ಕಡೆ.

ಸ್ಟ್ಯಾನ್ಲಿ ಸಮರ್ಥ ನಮ್ಮ ಕಾರ್ಕಳದವರು. 1920ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದರು. ಕಾರ್ಕಳ ನೋಡಿದವರಿಗೆ ಹೇಳಬೇಕಾಗಿಲ್ಲ. ಬಂಡೆಯ ಮೇಲೆ 1432ರ ಗೊಮ್ಮಟ, ಎದುರಿಗೆ ಚತುರ್ಮುಖ ಬಸದಿ, ಪೇಟೆಯಲ್ಲಿ ವೆಂಕಟರಮಣನ ಗುಡಿ, ಆಚೆ ಅತ್ತೂರಿನ ಇಗರ್ಜಿ, ಸುತ್ತಲೂ ಭೂತದ ಸಾನಗಳು. ಇಷ್ಟರ ನಡುವೆ ಬೆಳೆದ ಹುಡುಗ, ಮಂಗಳೂರಿನಲ್ಲಿ ಓದಿ, ಯುಟಿಸಿ ಮುಗಿಸಿ, ಅಮೆರಿಕಕ್ಕೆ ಹೋದರು. ಪಾಲ್ ಟಿಲಿಕ್, ರೈನ್‌ಹೋಲ್ಡ್ ನೀಬುರ್ ಅಂಥ ಘಟಾನುಘಟಿ ದೇವಶಾಸ್ತ್ರಜ್ಞರ ಪಾಠ ಕೇಳಿದರು. ಆದರೆ ಡಾಕ್ಟರೇಟ್ ಮಾಡಿದ್ದು ಆಧುನಿಕ ಹಿಂದೂ ಚಿಂತಕರು ಚರಿತ್ರೆಯನ್ನು ಹೇಗೆ ನೋಡುತ್ತಾರೆ ಅನ್ನುವುದರ ಮೇಲೆ. ಮರಳಿ ಬಂದು 1952ರಿಂದ ಮಂಗಳೂರು ಸೆಮಿನರಿಯ ಪ್ರಾಂಶುಪಾಲರು. 1960ರಲ್ಲಿ ಯುಟಿಸಿಗೆ ಪ್ರೊಫೆಸರರಾಗಿ ಬಂದರು. ಆಮೇಲೆ ಕೇರಿ ಕಟ್ಟಿದ ಶ್ರೀರಾಮಪುರದ ಕಾಲೇಜಿಗೂ ಪ್ರಾಂಶುಪಾಲರಾದರು. ಮುಂದೆ ಜಿನೀವಾ. ಜಾಗತಿಕ ಸಭೆಗಳ ಒಕ್ಕೂಟ ಬೇರೆ ಧರ್ಮದವರ ಜೊತೆ ಸಂವಾದ ನಡೆಸಲೆಂದೇ 1971ರಲ್ಲಿ ಒಂದು ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರು ಈ ಕಾರ್ಕಳದವರು. ಅದಕ್ಕೆ ಒಂದು ವರ್ಷ ಮೊದಲೇ ಲೆಬನಾನಿನ ಅಜಲ್ತೂನ್‌ನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತ ಪಂಡಿತರನ್ನು ಒಂದೇ ಕಡೆ ಕೂರಿಸಿ ಮಾತಾಡಿಸಿದ್ದರು.

ಯೂರೋಪಿನ ಸಭೆಗಳಿಗೆ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಸಂವಾದ ಅಂದರೆ ನಂಬಿಕೆ ಬಿಟ್ಟುಕೊಟ್ಟ ಹಾಗಲ್ಲವಾ ಅಂತ ಕೇಳಿದವರು ಬಹಳ. ಸಮರ್ಥರು 1991ರಲ್ಲಿ ಬಂದ ಪುಸ್ತಕವೊಂದರಲ್ಲಿ ಅದಕ್ಕೆ ತಮ್ಮದೇ ಧಾಟಿಯಲ್ಲಿ ಉತ್ತರ ಕೊಟ್ಟರು. ಕ್ರಿಸ್ತನ ಬಗ್ಗೆ ಮಾತಾಡುವುದರಲ್ಲಿ ಎರಡು ಬಗೆ ಅಂದರು. ಒಂದು ಹೆಲಿಕಾಪ್ಟರ್ ಬಗೆ. ಮೇಲಿಂದ ಇಳಿಯುತ್ತದೆ, ಎಷ್ಟು ಸದ್ದು, ಎಷ್ಟು ಧೂಳು ಅಂದರೆ ಕೆಳಗಿರುವವರಿಗೆ ಒಳಗಿಂದ ಬಂದ ದನಿಯೂ ಕೇಳಿಸುವುದಿಲ್ಲ, ಮುಖವೂ ಕಾಣಿಸುವುದಿಲ್ಲ. ಇನ್ನೊಂದು ಎತ್ತಿನಗಾಡಿ ಬಗೆ. ಅದರ ಚಕ್ರ ಯಾವಾಗಲೂ ಏಷ್ಯಾದ ಮಣ್ಣಿನ ರಸ್ತೆಗೆ ಅಂಟಿಕೊಂಡಿರುತ್ತದೆ. ನೆಲಕ್ಕೆ ಉಜ್ಜದೆ ಗಾಡಿ ಮುಂದೆ ಹೋಗುವಂತೆಯೇ ಇಲ್ಲ. ಜಿನೀವಾದಲ್ಲಿ ವರ್ಷಗಟ್ಟಲೆ ವಿಮಾನ ಹತ್ತಿ ಇಳಿದ ಮೇಲೂ ಬರೆಯಲು ಕೂತಾಗ ಎದುರಿಗೆ ಬಂದದ್ದು ಗಾಡಿ. ದೇವಶಾಸ್ತ್ರದ ದಪ್ಪ ಪುಸ್ತಕಗಳಲ್ಲಿ ಇಂಥ ಒಂದು ಪ್ಯಾರಾ ಸಿಕ್ಕರೆ ನನಗೆ ಉಳಿದ ಮುನ್ನೂರು ಪುಟದ ಮೇಲೂ ನಂಬಿಕೆ ಬರುತ್ತದೆ.

ಅದೇ 1960ರ ದಶಕದಲ್ಲಿ ಯುಟಿಸಿಯಲ್ಲಿ ಸಭೆಯ ಚರಿತ್ರೆ ಕಲಿಸುತ್ತಿದ್ದವರು ಕಾಯ್ ಬಾಗೊ, ಮತ್ತೊಬ್ಬ ಡೆನ್ಮಾರ್ಕಿನವರು. ಚರಿತ್ರೆಯ ಪಾಠದಲ್ಲಿ ಮಿಷನರಿಗಳ ಸಾಹಸ ಹೇಳುವುದು ವಾಡಿಕೆ. ಇವರು ಹಳೆಯ ಕಾಗದಪತ್ರ ಹುಡುಕಿ ತೆಗೆದದ್ದು ಮಿಷನ್ನಿನ ಕೈಬಿಟ್ಟು ತಮ್ಮದೇ ರೀತಿಯಲ್ಲಿ ಕ್ರಿಸ್ತನನ್ನು ಹಿಡಿದ ಭಾರತೀಯರ ಕತೆಗಳನ್ನು. 1966ರ ಒಂದು ಲೇಖನದಲ್ಲಂತೂ ವಸಾಹತು ಮುಗಿದ ಮೇಲೆ ಮಿಷನ್ನಿಗೆ ಏನು ಕೆಲಸ, ಹಿಂದೂಗಳು ಹಿಂದೂಗಳಾಗಿಯೇ ಇದ್ದು ಕ್ರಿಸ್ತನನ್ನು ಕಾಣಬಾರದೇಕೆ ಅಂತ ನೇರವಾಗಿ ಕೇಳಿಬಿಟ್ಟರು. ಮಿಷನರಿಯಾಗಿ ಬಂದವರ ಬಾಯಲ್ಲಿ ಈ ಮಾತು! ಗದ್ದಲ ಎದ್ದಿತು, ಏಳಲೇಬೇಕಿತ್ತು.

ಇಲ್ಲಿಯವರೆಗೆ ಬಂದ ಮೇಲೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ? ದೇವಾನಂದನ್‌ಗೆ ಮಾ­ಯೆ, ಚಂದ್ರನ್‌ಗೆ ವಿವೇಕಾನಂದ. ಸಮರ್ಥರು ರಾಧಾಕೃಷ್ಣನ್ ಬಗ್ಗೆಯೂ ಪುಸ್ತಕ ಬರೆದರು. ಎಲ್ಲರೂ ಮಾತಾಡಿದ್ದು ಉಪನಿಷತ್ತಿನ ಜೊತೆ, ವೇದಾಂತದ ಜೊತೆ, ಓದುಬರಹ ಬಲ್ಲ ಮೇಲ್ಜಾತಿಯ ಹಿಂದೂಗಳ ಜೊತೆ. ಆದರೆ ಈ ದೇಶದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತರು. ಅವರ ಅಜ್ಜಂದಿರು ಅದ್ವೈತ ಬಿಟ್ಟು ಬಂದವರಲ್ಲ. ಅವರಿಗೆ ಆ ಬಾಗಿಲು ತೆರೆದೇ ಇರಲಿಲ್ಲ.

ಇದನ್ನು ಎದ್ದು ನಿಂತು ಹೇಳಿದವರು ಅರವಿಂದ ನಿರ್ಮಲ್. ಮಹಾರಾಷ್ಟ್ರದ ದಲಿತ ಕುಟುಂಬದವರು, ಯುಟಿಸಿಯಲ್ಲಿ ಮೇಷ್ಟ್ರು. 1981ರಲ್ಲಿ ಕಾಲೇಜಿನ ಕೇರಿ ಸೊಸೈಟಿಯಲ್ಲಿ 'ಶೂದ್ರ ದೇವಶಾಸ್ತ್ರದ ಕಡೆಗೆ' ಅಂತ ಒಂದು ಭಾಷಣ ಮಾಡಿದರು. ದಲಿತ ದೇವಶಾಸ್ತ್ರ ಅಂತ ಇವತ್ತು ಜಗತ್ತಿನ ಸೆಮಿನರಿಗಳಲ್ಲಿ ಓದುವ ವಿಷಯಕ್ಕೆ ಅಲ್ಲಿಂದ ದಾರಿ ತೆರೆಯಿತು. ಆ ಸೊಸೈಟಿಗೆ ಶೂ ಹೊಲಿಯುತ್ತಿದ್ದ ಕೇರಿಯ ಹೆಸರಿದ್ದದ್ದು ಕಾಕತಾಳೀಯ ಇರಬಹುದು, ನನಗಂತೂ ಹಿತವಾಗಿ ಕೇಳಿಸುತ್ತದೆ.

ನಿರ್ಮಲ್ ಬರೆದದ್ದರಲ್ಲಿ ಒಂದು ಭಾಗವನ್ನು ಹತ್ತಿರದಿಂದ ನೋಡಬೇಕು. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಇಸ್ರಾಯೇಲರು ಹೇಳಿಕೊಳ್ಳಬೇಕಾದ ಒಂದು ಮಾತು ಬರುತ್ತದೆ. ನಮ್ಮ ಮೂಲಪಿತೃ ಊರೂರು ಅಲೆಯುತ್ತಿದ್ದ ಅರಾಮ್ಯ, ಐಗುಪ್ತಕ್ಕೆ ಹೋದ, ಅಲ್ಲಿ ಕಷ್ಟಪಟ್ಟ, ದೇವರು ಬಿಡಿಸಿ ತಂದ ಅಂತ. ದೇವಶಾಸ್ತ್ರದ ಮೇಷ್ಟ್ರುಗಳು ಇದನ್ನು ನೂರು ಸಲ ಪಾಠ ಮಾಡಿರುತ್ತಾರೆ. ನಿರ್ಮಲ್ ಈ ಮಾತನ್ನು ತಮ್ಮ ಅಜ್ಜಂದಿರ ಮೇಲೆ ಇಟ್ಟು ನೋಡಿದರು. ನನ್ನ ದಲಿತ ಪೂರ್ವಜನಿಗೆ ಆ ಅರಾಮ್ಯನಿಗಿದ್ದಂತೆ ಅಲೆಯುವ ಸ್ವಾತಂತ್ರ್ಯವೂ ಇರಲಿಲ್ಲ ಅಂದರು. ಅವನು ಊರ ರಸ್ತೆಯಲ್ಲಿ ನಡೆಯುವಾಗ ಸೊಂಟಕ್ಕೆ ಮರದ ಕೊಂಬೆ ಕಟ್ಟುತ್ತಿದ್ದರು, ಧೂಳಿನಲ್ಲಿ ಮೂಡಿದ ಹೆಜ್ಜೆಗುರುತು ತಾನಾಗಿ ಅಳಿಸಿಹೋಗಲಿ ಅಂತ. ಬೈಬಲ್ಲಿನ ಆ ಸಾಲನ್ನು ಹೀಗೆ ಓದಲು ಹೀಬ್ರೂ ಬಂದರೆ ಸಾಲದು. ಆಕ್ಸ್‌ಫರ್ಡ್, ಯೇಲ್, ಟ್ಯೂಬಿಂಗನ್ ಯಾವ ಕಡೆ ಕಳುಹಿಸಿದರೂ ಅದು ಸಿಗುವುದಿಲ್ಲ. ನಿರ್ಮಲ್ ಮುಂದೆ ಮದರಾಸಿನ ಗುರುಕುಲ ಲುಥೆರನ್ ಕಾಲೇಜಿಗೆ ಹೋದರು, ಅಲ್ಲಿ ದಲಿತ ದೇವಶಾಸ್ತ್ರಕ್ಕೇ ಒಂದು ವಿಭಾಗ ಬಂತು.

ಕಾನೂನಿನ ಕಡೆಯಿಂದ ನೋಡಿದರೆ 1950ರ ರಾಷ್ಟ್ರಪತಿಯ ಆದೇಶದ ಪ್ರಕಾರ ಕ್ರೈಸ್ತ ದಲಿತರು ಪರಿಶಿಷ್ಟ ಜಾತಿಯ ಲೆಕ್ಕಕ್ಕೆ ಬರುವುದಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಇವರನ್ನಿಲ್ಲ. ಸಭೆಯೊಳಗೂ ಕತೆ ಬೇರೆಯಲ್ಲ. ಕೂರುವ ಬೆಂಚಿನಿಂದ ಹಿಡಿದು ಸ್ಮಶಾನದವರೆಗೆ ಜಾತಿ ಪಾಲು ಮಾಡಿಕೊಂಡ ಇಗರ್ಜಿಗಳು ಇವೆ. ನಿರ್ಮಲ್ ಮಾತು ಸರ್ಕಾರಕ್ಕೆ ತಾಗಿದ್ದಕ್ಕಿಂತ ಮುಂದಿನ ಸಾಲಿನಲ್ಲಿ ಕೂತಿದ್ದ ಪಾದ್ರಿಗಳಿಗೆ ಜಾಸ್ತಿ ತಾಗಿತು ಅಂತ ನನ್ನ ಅಂದಾಜು.

ಹೆಸರುಗಳನ್ನು ಮತ್ತೊಮ್ಮೆ ಓದಿ ನೋಡಿದೆ. ಒಬ್ಬರೂ ಹೆಂಗಸರಿಲ್ಲ. ನಾನು ಬಿಟ್ಟದ್ದಲ್ಲ, ಸೆಮಿನರಿಗಳೇ ಬಹಳ ಕಾಲ ಒಳಗೆ ಬಿಡಲಿಲ್ಲ. ಹಾಗಾಗಿ ಮೇಷ್ಟ್ರಾಗಬೇಕಿದ್ದು ಆಗದೇ ಹೋದ ಒಬ್ಬರ ವಿಷಯ ಹೇಳಲೇಬೇಕು.

ಸಮರ್ಥರ ಕಾರ್ಕಳದ ಹತ್ತಿರವೇ ಮಾಳ ಅಂತ ಊರಿದೆ. ಅಲ್ಲಿಯ ಅನಂತಶಾಸ್ತ್ರಿ ಡೋಂಗ್ರೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಊರವರು ಸುಮ್ನೆ ಬಿಟ್ಟಾರಾ? ಶಾಸ್ತ್ರಿಗಳು ಘಟ್ಟ ಹತ್ತಿ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿಗೂ ಓದಲು ಹುಡುಗರು ಬರುತ್ತಿದ್ದರು. ಶಾಸ್ತ್ರಿಗಳೂ ಹೇಳಿಕೊಡುತ್ತಿದ್ದರು, ಲಕ್ಷ್ಮೀಬಾಯಿಯೂ ಹೇಳಿಕೊಡುತ್ತಿದ್ದರು. 1858ರಲ್ಲಿ ಆ ಕಾಡಿನ ಮನೆಯಲ್ಲಿ ಹುಟ್ಟಿದ ಮಗಳು ರಮಾಬಾಯಿ. ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು, ಪುರಾಣ ಹೇಳುತ್ತಾ ದೇಶ ತಿರುಗಿ, ಕಲ್ಕತ್ತೆಯ ಪಂಡಿತರಿಂದ 'ಪಂಡಿತಾ', 'ಸರಸ್ವತಿ' ಅನಿಸಿಕೊಂಡರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ಕ್ರೈಸ್ತರಾದರು. ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲನ್ನು ಮೂಲದಿಂದ ಮರಾಠಿಗೆ ತಂದರು. ಸಂಸ್ಕೃತದ ಭಾರ ಕಡಿಮೆ ಮಾಡಿ, ಓದು ಬಾರದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ. ಅಚ್ಚಿನ ಕೆಲಸವೂ ಮುಕ್ತಿಯ ಹೆಂಗಸರದೇ. 1922ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕೆಲಸ ಮುಗಿದಿತ್ತು.

ಇಂಥವರು ಇಂಗ್ಲೆಂಡಿನ ಚೆಲ್ಟನಮ್‌ನಲ್ಲಿದ್ದಾಗ ಗಂಡುಹುಡುಗರಿಗೆ ಪಾಠ ಹೇಳುವ ಮಾತು ಬಂತು. ಬೊಂಬಾಯಿ ಮತ್ತು ಲಾಹೋರಿನ ಬಿಷಪ್ಪುಗಳು ಕೂಡದು ಅಂದರು. ಹೆಂಗಸು ಗಂಡಸರಿಗೆ ಪಾಠ ಹೇಳಿದಳು ಅಂತ ಗೊತ್ತಾದರೆ ಹಿಂದೂಸ್ತಾನದಲ್ಲಿ ಅವಳ ಮರ್ಯಾದೆಯೇ ಹೋಗುತ್ತದೆ ಅನ್ನುವುದು ಅವರ ಕಾಳಜಿ. ರಮಾಬಾಯಿ 1885ರಲ್ಲಿ ಕಾಗದ ಬರೆದರು. ನನ್ನ ಅಮ್ಮ ಗಂಡುಹುಡುಗರಿಗೆ ಪಾಠ ಹೇಳಿದ್ದಕ್ಕೆ ಅಪ್ಪ ಬೇಡ ಅನ್ನಲಿಲ್ಲ, ನಾನು ಹೇಳಿದ್ದಕ್ಕೆ ನನ್ನ ಗಂಡ ಬೇಡ ಅನ್ನಲಿಲ್ಲ, ಇಂಗ್ಲಿಷಿನವರು ಬೇಡ ಅನ್ನುತ್ತಿರುವುದು ನೋಡಿ ನನಗೆ ಬಹಳ ಆಶ್ಚರ್ಯವಾಗಿದೆ ಅಂತ.